ಲ್ಯಾಬಿಗೆ ಮೇಲ್ ಹಾಕುವ ಮುಂಚೆ

2017ರಲ್ಲಿ ಎಂಎಸ್ಸಿ ಮುಗಿಸಿ ಪ್ರಾಜೆಕ್ಟ್ ಕೇಳಿ ನಲವತ್ತು ಲ್ಯಾಬುಗಳಿಗೆ ಒಂದೇ ಮೇಲ್ ಕಾಪಿ ಮಾಡಿ ಕಳಿಸಿದ್ದೆ. ಎಲ್ಲದಕ್ಕೂ 'ರೆಸ್ಪೆಕ್ಟೆಡ್ ಸರ್'. ಅವರಲ್ಲಿ ಹತ್ತು ಜನ ಮೇಡಂಗಳು! ಉತ್ತರ ಬಂದದ್ದು ಎರಡು, ಎರಡೂ 'ಜಾಗ ಇಲ್ಲ'.

ನನ್ನ ವಿಷಯ ಬಯೋಇನ್‌ಫರ್ಮ್ಯಾಟಿಕ್ಸ್, ಅಂದರೆ ಜೀವಶಾಸ್ತ್ರದ ಡೇಟಾವನ್ನು ಕಂಪ್ಯೂಟರಿನಲ್ಲಿ ಬಿಡಿಸಿ ನೋಡುವುದು. ಅದರಲ್ಲಿ ಒಂದು ಅನುಕೂಲ ಇದೆ. ಲ್ಯಾಬಿಗೆ ಕಾಲಿಡದೆಯೇ ಆ ಲ್ಯಾಬಿನ ಕೆಲಸ ಮಾಡಿ ತೋರಿಸಬಹುದು. ಇದು ನನಗೆ ತಡವಾಗಿ ಹೊಳೆಯಿತು.

ಮೊದಲು ನಿಮಗೆ ಬೇಕಾದ ಲ್ಯಾಬಿನ ಇತ್ತೀಚಿನ ಆರ್‌ಎನ್‌ಎ-ಸೀಕ್ (ಯಾವ ಜೀನ್ ಎಷ್ಟು ಚುರುಕಾಗಿದೆ ಅಂತ ಅಳೆಯುವ ವಿಧಾನ) ಪೇಪರ್ ಒಂದನ್ನು ಹಿಡಿಯಿರಿ. 'ಡೇಟಾ ಅವೈಲಬಿಲಿಟಿ' ಅನ್ನುವ ಕಡೆ ಜಿಎಸ್‌ಇ ಅಂತ ಶುರುವಾಗುವ ನಂಬರ್ ಇದ್ದರೆ ಅದನ್ನು ಎನ್‌ಸಿಬಿಐನ ಜಿಇಒದಲ್ಲಿ (ಇಂಥ ಡೇಟಾ ಇಡುವ ಅಮೆರಿಕದ ಸಾರ್ವಜನಿಕ ಸಂಗ್ರಹ) ಹುಡುಕಿ. ಡೇಟಾ ಬಿಟ್ಟಿ. ಫಾಸ್ಟ್‌ಕ್ಯೂ ಅನ್ನುವ ದೊಡ್ಡ ಕಚ್ಚಾ ಫೈಲುಗಳ ಗೊಡವೆ ಬೇಡ, ಪಿಜಿಯ ವೈಫೈ ಅದನ್ನು ತಡೆಯಲ್ಲ. ಕೌಂಟ್ ಟೇಬಲ್, ಅಂದರೆ ಪ್ರತಿ ಸ್ಯಾಂಪಲ್‌ನಲ್ಲಿ ಯಾವ ಜೀನ್‌ಗೆ ಎಷ್ಟು ಎಣಿಕೆ ಅನ್ನುವ ಪಟ್ಟಿ, ಇದ್ದರೆ ಸಾಕು. ಅದನ್ನು ಆರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಗೆ ತಂದು, ಜೀನ್‌ಗಳ ಏರಿಳಿತ ಹೋಲಿಸುವ ಡಿಸೀಕ್-2 ಪ್ಯಾಕೇಜ್ ಓಡಿಸಿ, ಪೇಪರಿನ ಒಂದೇ ಒಂದು ಚಿತ್ರವನ್ನು ಮತ್ತೆ ಬಿಡಿಸಿ.

ಮಧ್ಯೆ ಟೇಬಲನ್ನು ಎಕ್ಸೆಲ್‌ನಲ್ಲಿ ತೆರೆಯಲೇಬೇಡಿ. ನಾನು ತೆರೆದು, ಸುಮ್ನೆ ಸೇವ್ ಒತ್ತಿದ್ದೆ. 'ಸೆಪ್ಟ್2' ಅನ್ನುವ ಜೀನ್ 'ಸೆಪ್ಟೆಂಬರ್ 2' ಆಗಿ ಕೂತಿತ್ತು, 'ಮಾರ್ಚ್1' ಕೂಡ ತಾರೀಖು. ಕಳೆದುಹೋದ ಜೀನ್ ಹುಡುಕುತ್ತಾ ಎರಡು ದಿನ ಹೋಯಿತು. ಈ ಕಾಟಕ್ಕೇ 2020ರಲ್ಲಿ ಜೀನ್‌ಗಳಿಗೆ ಹೆಸರಿಡುವ ಸಮಿತಿಯವರು ಅವನ್ನು 'ಸೆಪ್ಟಿನ್2', 'ಮಾರ್ಚ್‌ಎಫ್1' ಅಂತ ಬದಲಿಸಿದರು. ಹಳೇ ಫೈಲುಗಳಲ್ಲಿ ಹಳೇ ಹೆಸರೇ ಇದೆ, ನೋಡಿಕೊಳ್ಳಿ.

ನಿಮ್ಮ ಚಿತ್ರ ಪೇಪರಿನದ್ದಕ್ಕೆ ತಾಳೆಯಾಗದಿದ್ದರೆ ಗಾಬರಿ ಬೇಡ. ಸಾಫ್ಟ್‌ವೇರ್ ವರ್ಷನ್ ಬೇರೆ ಇರಬಹುದು, ಕಮ್ಮಿ ಕೌಂಟ್ ಇರುವ ಜೀನ್‌ಗಳನ್ನು ಅವರು ಕೈಬಿಟ್ಟಿರಬಹುದು. ಎಲ್ಲಿ, ಯಾಕೆ ತಾಳೆಯಾಗಲಿಲ್ಲ ಅಂತ ಬರೆದಿಡಿ. ಚಿತ್ರಕ್ಕಿಂತ ಈ ಟಿಪ್ಪಣಿಗೇ ಬೆಲೆ ಜಾಸ್ತಿ.

ಮೇಲ್ ಐದು ಸಾಲು ಮೀರಬಾರದು. ಯಾವ ಪೇಪರ್, ಯಾವ ಚಿತ್ರ, ಎಲ್ಲಿ ಸಿಕ್ಕಿಕೊಂಡೆ, ಕೋಡ್‌ನ ಗಿಟ್‌ಹಬ್ ಲಿಂಕ್, ಆರು ತಿಂಗಳ ಪ್ರಾಜೆಕ್ಟ್ ಸಿಗುತ್ತದಾ ಅನ್ನುವ ಪ್ರಶ್ನೆ. 'ನಿಮ್ಮ ಸಂಶೋಧನೆಯಿಂದ ಪ್ರೇರಿತನಾಗಿ' ಅಂತೆಲ್ಲಾ ಬೇಡ, ಯಾರೂ ಓದಲ್ಲ.

ಜೊತೆಗೆ ಪರೀಕ್ಷೆ ಬಿಡುವಂತಿಲ್ಲ. ಸಿಎಸ್‌ಐಆರ್-ನೆಟ್ ಬರೆಯಿರಿ, ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಸಿಗುವುದು ಅದರಿಂದ. ಗೇಟ್ ಅಂಕ ಮೂರು ವರ್ಷ ನಡೆಯುತ್ತದೆ. ಜೆಆರ್‌ಎಫ್ ಸಿಕ್ಕರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. 'ಇನ್ನೂ ಎಷ್ಟು ವರ್ಷ ಓದ್ತೀಯ' ಅಂತ ಕೇಳುವ ಅಪ್ಪನಿಗೆ ಇದನ್ನೇ ಮೊದಲು ಹೇಳಿ.

ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಿ. ಮುಂದೆ ಹೀಗೆ ಮಾಡಿದಾಗ ನನಗೆ ಉತ್ತರ ಬಂದದ್ದು ಆ ನೆನಪಿಸುವ ಮೇಲಿಗೆ. ಆ ಲ್ಯಾಬಿನ ಮೇಡಂ ಬರೆದಿದ್ದು ಒಂದೇ ಸಾಲು: 'ನಾಲ್ಕನೇ ಸ್ಯಾಂಪಲ್ ಯಾಕೆ ಬಿಟ್ರಿ?'