ಕೀಮೋ ಮುಗಿದ ಮೇಲೆ ನನ್ನ ಕೂದಲಿಗೆ ನಾನು ಮಾಡಿಕೊಂಡಿದ್ದು

ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಬ್ಯೂಟಿ ಪಾರ್ಲರ್ ಇದೆ. ಬೇರೆಯವರ ತಲೆಗೆ ಡೈ ಹಚ್ಚುತ್ತಲೇ ಅರ್ಧ ಆಯಸ್ಸು ಕಳೆದಿದೆ. ಸ್ತನ ಕ್ಯಾನ್ಸರ್ ಆಗಿ ಆಪರೇಷನ್, ಕೀಮೋ, ರೇಡಿಯೇಷನ್ ಮೂರೂ ಮುಗಿಸಿ ಬಂದೆ. ಆಮೇಲೆ ಹೆಂಗಸರು ನನ್ನನ್ನು ಕಾಯಿಲೆಗಿಂತ ಜಾಸ್ತಿ ಕೇಳಿದ್ದು ಕೂದಲಿನ ಬಗ್ಗೆಯೇ. ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಡಾಕ್ಟರು ಬೇರೆ ಹೇಳಿದರೆ ಅವರ ಮಾತು ಕೇಳಿ, ನನ್ನದು ಬಿಡಿ.

ಉದುರಿದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಬೇಗ ಬೇಗ ಬೆಳೆಯುವ ಜೀವಕೋಶಗಳ ಮೇಲೆ ಕೀಮೋ ಏಟು ಬೀಳುತ್ತದೆ. ಕೂದಲಿನ ಬುಡವೂ ಅಂಥದ್ದೇ. ನನಗೆ ಕೊಟ್ಟಿದ್ದು ಕೆಂಪು ಔಷಧ, ಅಂದರೆ ಡಾಕ್ಸೊರುಬಿಸಿನ್. ಅದಕ್ಕೆ ಎರಡು ಮೂರು ವಾರದಲ್ಲೇ ಕೂದಲು ಹಿಡಿಹಿಡಿಯಾಗಿ ಕೈಗೆ ಬರುತ್ತದೆ. ಪೂರ್ತಿ ಉದುರುವವರೆಗೆ ಕಾಯದೆ ತೆಗೆಸಿಬಿಟ್ಟೆ. ಬ್ಲೇಡ್ ಮುಟ್ಟಿಸಲಿಲ್ಲ, ಟ್ರಿಮ್ಮರ್ ಹಾಕಿಸಿದೆ. ಬಿಳಿ ರಕ್ತಕಣ ಕಡಿಮೆ ಇರುವಾಗ ಸಣ್ಣ ಗೀರೂ ಕೀವಾಗಬಹುದು. ವಿಗ್ ನಮ್ಮೂರ ಬಿಸಿಲಿಗೆ ಆಗಿಬರಲಿಲ್ಲ, ಹತ್ತಿಯ ಸ್ಕಾರ್ಫ್ ಕಟ್ಟಿಕೊಂಡೆ. "ತಿರುಪತಿಗೆ ಹೋಗಿದ್ರಾ ಅಕ್ಕಾ?" ಅಂದವರಿಗೆ ಹೂಂ ಅಂದೆ. ತಿಮ್ಮಪ್ಪ ಬೇಜಾರು ಮಾಡಿಕೊಳ್ಳಲಿಕ್ಕಿಲ್ಲ.

ಕೀಮೋ ನಿಂತ ಸ್ವಲ್ಪ ವಾರಕ್ಕೆ ಕೋಳಿಮರಿ ಮೈಮೇಲಿನಂಥ ತುಪ್ಪಳ ಬಂತು. ಬಣ್ಣವೇ ಇಲ್ಲ. ಆಮೇಲೆ ಬಂದಿದ್ದು ಬೂದು ಕೂದಲು, ಅದೂ ಗುಂಗುರು. ನನ್ನ ಕೂದಲು ಹುಟ್ಟಿದಾಗಿನಿಂದ ನೆಟ್ಟಗೆ! ಹೀಗೆ ಆಗುವುದು ಬಹಳ ಜನಕ್ಕೆ. ಬುಡ ಚೇತರಿಸಿಕೊಳ್ಳುವಾಗ ಕೂದಲು ಮೊದಲಿನ ಆಕಾರದಲ್ಲೇ ಬರಬೇಕೆಂದಿಲ್ಲ. ಬಣ್ಣ ಕೊಡುವ ಕೋಶಗಳು ಕೆಲಸ ಶುರು ಮಾಡುವುದೂ ತಡ. ಗುಂಗುರು ಹೆಚ್ಚಿನವರಿಗೆ ಕೂದಲು ಉದ್ದ ಆದಂತೆ ತಾನೇ ಸಡಿಲವಾಗುತ್ತದೆ. ಹಾಗಾಗಿ "ಸ್ಮೂದನಿಂಗ್ ಮಾಡಿಕೊಡಿ" ಅಂತ ಬರುವವರನ್ನು ನಾನು ವಾಪಸ್ ಕಳಿಸುತ್ತೇನೆ. ವ್ಯಾಪಾರ ಹೋದರೆ ಹೋಗಲಿ. ಆ ಕ್ರೀಮುಗಳಲ್ಲಿ ಕೆಲವಕ್ಕೆ ಕಾಯಿಸಿದಾಗ ಫಾರ್ಮಾಲ್ಡಿಹೈಡ್ ಅನ್ನುವ ವಿಷದ ಗಾಳಿ ಬಿಡುವ ಗುಣ ಇದೆ, ಎಳೆ ಕೂದಲಿಗೆ ಅದು ಬೇಡವೇ ಬೇಡ.

ಇನ್ನೊಂದು ಸಲಹೆ ಪ್ರತಿ ಮನೆಯಲ್ಲೂ ಸಿಗುತ್ತದೆ: "ಮತ್ತೊಂದ್ಸಲ ಬೋಳಿಸು, ದಟ್ಟ ಬರುತ್ತೆ." ಕತ್ತರಿಸಿದ ತುದಿ ಮೊಂಡಾಗಿರುತ್ತದೆ, ಅದಕ್ಕೆ ಕೈಗೆ ದಪ್ಪ ಅನ್ನಿಸುತ್ತದೆ. ಚರ್ಮದ ಒಳಗಿರುವ ಬುಡಕ್ಕೆ ಬ್ಲೇಡ್ ಬಂದು ಹೋಗಿದ್ದೂ ಗೊತ್ತಾಗುವುದಿಲ್ಲ. ನಾನು ಬೋಳಿಸಲಿಲ್ಲ, ಆದರೆ ಕತ್ತರಿ ಆಡಿಸಿದೆ. ಹೊಸ ಕೂದಲು ಕತ್ತಿನ ಹಿಂದೆ, ಕಿವಿ ಪಕ್ಕ ಬೇಗ ಉದ್ದ ಆದಂತೆ ಕಾಣುತ್ತದೆ, ನೆತ್ತಿ ಬೋಳು ಬೋಳು. ಅಲ್ಲಿಷ್ಟು ಟ್ರಿಮ್ ಮಾಡಿದರೆ ಬೇಕೆಂದೇ ಮಾಡಿಸಿದ ಕ್ರಾಪಿನ ಹಾಗೆ ಇರುತ್ತದೆ. ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್ ಬೆಳೆಯುವ ಕೂದಲು, ಅವಸರ ಮಾಡಿದರೂ ಅಷ್ಟೇ. ಎಣ್ಣೆಯಿಂದ ಬೆಳವಣಿಗೆ ಜಾಸ್ತಿ ಆಗುವುದಿಲ್ಲ. ಚರ್ಮ ಒಣಗಿ ಬಿರಿಯದಿರಲಿ ಅಂತ ಎರಡು ಹನಿ ಕೊಬ್ಬರಿ ಎಣ್ಣೆ ಸವರುತ್ತಿದ್ದೆ. ಸ್ನಾನಕ್ಕೆ ಮಕ್ಕಳ ಶಾಂಪೂ, ಉಗುರು ಬೆಚ್ಚಗಿನ ನೀರು. ಡ್ರೈಯರ್ ಮುಟ್ಟಲಿಲ್ಲ. ಕೂದಲಿಗೆಂದು ಬಯೋಟಿನ್ ಅನ್ನುವ ವಿಟಮಿನ್ ಮಾತ್ರೆ ನುಂಗುವವರು ಡಾಕ್ಟರಿಗೆ ಹೇಳಿ ನುಂಗಿ. ಥೈರಾಯ್ಡ್ ಥರದ ಕೆಲವು ರಕ್ತಪರೀಕ್ಷೆಗಳ ರಿಪೋರ್ಟು ಅದರಿಂದ ತಪ್ಪಾಗಿ ಬರಬಹುದು.

ಈಗ ಬಣ್ಣದ ವಿಷಯ. ಕೊನೆಯ ಕೀಮೋ ಆದ ಮೇಲೆ ಆರು ತಿಂಗಳಾದರೂ ಡೈ ಬೇಡ ಅಂದರು ಡಾಕ್ಟರು. ನನಗೂ ಅದೇ ಸರಿ ಅನ್ನಿಸಿತು. ಚರ್ಮ ಇನ್ನೂ ನಾಜೂಕು, ಕೂದಲೂ ಒರಟು. ಡಬ್ಬಿ ಡೈಗಳಲ್ಲಿ ಕಪ್ಪು ಬರಿಸುವುದು ಹೆಚ್ಚಾಗಿ ಪಿಪಿಡಿ, ಪೂರ್ತಿ ಹೆಸರು ಪ್ಯಾರಾ ಫಿನೈಲೀನ್ ಡೈಅಮೈನ್. "ಅಮೋನಿಯಾ ಇಲ್ಲ" ಅಂತ ಬರೆದ ಡಬ್ಬಿಯಲ್ಲೂ ಇದು ಇರಬಹುದು. ಅಮೋನಿಯಾ ಬೇರೆ, ಇದು ಬೇರೆ. ವರ್ಷಗಟ್ಟಲೆ ಹಚ್ಚಿಕೊಂಡವರಿಗೂ ಒಂದು ದಿನ ಇದ್ದಕ್ಕಿದ್ದಂತೆ ಮುಖ ಊದಿಸುವ ಅಲರ್ಜಿ ಇದರದು.

ಅದಕ್ಕಿಂತ ನನಗೆ ಸಿಟ್ಟು ಬರಿಸುವುದು ಅಂಗಡಿಯ ಕಪ್ಪು ಮೆಹಂದಿ. "ಮೆಹಂದಿ ಅಲ್ವಾ, ಏನಾಗುತ್ತೆ?" ಅಂತ ಎಲ್ಲರೂ ಧೈರ್ಯವಾಗಿ ಹಚ್ಚುತ್ತಾರೆ. ಮೆಹಂದಿ ಸೊಪ್ಪಿನಲ್ಲಿ ಇರುವ ಬಣ್ಣ ಕೇಸರಿ, ಕೆಂಪು, ಅಷ್ಟೇ. ಅರ್ಧ ಗಂಟೆಯಲ್ಲಿ ಕಪ್ಪಾಯಿತು ಅಂದರೆ ಅದಕ್ಕೆ ಬೇರೇನೋ ಬೆರೆತಿದೆ, ಬಹಳ ಸಲ ಅದೇ ಪಿಪಿಡಿ. ಪ್ಯಾಕೆಟ್ಟಿನ ಮೇಲೆ ಎಲೆಯ ಚಿತ್ರ ನೋಡಬೇಡಿ, ಹಿಂದಿನ ಸಣ್ಣ ಅಕ್ಷರ ಓದಿ.

ನಾನು ಹಿಡಿದಿದ್ದು ಎರಡು ಹಂತದ ದಾರಿ: ಮೊದಲು ಬರೀ ಮೆಹಂದಿ, ಆಮೇಲೆ ನೀಲಿ ಸೊಪ್ಪಿನ ಪುಡಿ, ಅಂದರೆ ಇಂಡಿಗೋ. ಎರಡನ್ನೂ ಚೂರು ಚೂರು ಮೊಣಕೈ ಒಳಮಗ್ಗುಲಿಗೆ ಹಚ್ಚಿ 48 ಗಂಟೆ ಕಾದೆ. ಸೊಪ್ಪಿನ ಪುಡಿಗೂ ಕೆಲವರ ಮೈ ಕೆರೆಯುತ್ತದೆ. ತುರಿಕೆ, ಕೆಂಪು ಏನೂ ಆಗಲಿಲ್ಲ.

ಮೋಟು ಕೂದಲಿಗೆ 50 ಗ್ರಾಂ ಮೆಹಂದಿ ಸಾಕು. ಬೆಚ್ಚಗಿನ ನೀರಿಗೆ ಸ್ವಲ್ಪ ನಿಂಬೆರಸ ಹಿಂಡಿ ರಾತ್ರಿಯೇ ಕಲಸಿಟ್ಟೆ. ಎಣ್ಣೆ ಪಸೆ ಇಲ್ಲದ ಒಣ ಕೂದಲಿಗೆ ಹಚ್ಚಬೇಕು. ಹಚ್ಚಿದ್ದು ನಾನಲ್ಲ, ನನ್ನ ಕೈಕೆಳಗೆ ಕೆಲಸ ಕಲಿಯುತ್ತಿರುವ ಹುಡುಗಿ. ಆಪರೇಷನ್ ಆದ ಕಡೆಯ ಕೈಯನ್ನು ಎತ್ತಿ ಹಿಂದಲೆಗೆ ಬ್ರಷ್ ಆಡಿಸುವುದು ನನಗೆ ಆಗುತ್ತಿರಲಿಲ್ಲ. ನನ್ನದೇ ಕುರ್ಚಿಯಲ್ಲಿ ಕೂತು "ಅಲ್ಲಿ ಬಿಟ್ಟೆ, ಇಲ್ಲಿ ಜಾಸ್ತಿ ಆಯ್ತು" ಅಂತ ತಲೆ ತಿಂದೆ. "ಮೇಡಂ, ಸುಮ್ನೆ ಕೂತ್ಕೊಳ್ಳಿ" ಅಂತ ಗದರಿದಳು. ಹಸಿ ಮೆಹಂದಿಗೆ ತಲೆ ತಣ್ಣಗಾಗುತ್ತದೆ, ಚಳಿ ಅನ್ನಿಸದಿರಲಿ ಅಂತ ಬೆಳಗಿನ ಬಿಸಿಲಿರುವಾಗಲೇ ಮಾಡಿಕೊಂಡೆ. ಎರಡು ಗಂಟೆ ಬಿಟ್ಟು ಬರೀ ನೀರಲ್ಲಿ ತೊಳೆದೆ, ಶಾಂಪೂ ಇಲ್ಲ. ಬೂದು ಕೂದಲೆಲ್ಲ ಕಿತ್ತಳೆ ಬಣ್ಣ. ಹೆದರಬೇಡಿ, ಅದು ಅರ್ಧ ಕೆಲಸ ಮಾತ್ರ.

ಇಂಡಿಗೋ ಮೆಹಂದಿಯ ಹಾಗೆ ರಾತ್ರಿ ನೆನೆಸುವುದಲ್ಲ. ಹಚ್ಚುವ ಹೊತ್ತಿಗೇ ಬೆಚ್ಚಗಿನ ನೀರಲ್ಲಿ ಚಿಟಿಕೆ ಉಪ್ಪು ಹಾಕಿ ಕಲಸಿ, ಹತ್ತು ಹದಿನೈದು ನಿಮಿಷ ಮುಚ್ಚಿಟ್ಟು, ಮೇಲೆ ನೀಲಿ ಛಾಯೆ ಕಂಡ ಕೂಡಲೇ ಹಚ್ಚಬೇಕು. ತಡ ಮಾಡಿದರೆ ಬಣ್ಣದ ಕಸುವು ಹೋಗುತ್ತದೆ. ಒಂದು ಗಂಟೆ ಬಿಟ್ಟು ತೊಳೆದಾಗ ಕೂದಲು ಹಸಿರು ಹಸಿರು ಕಂಡಿತು. ಗಾಳಿ ತಾಗುತ್ತ ಎರಡು ದಿನದಲ್ಲಿ ಕಡು ಕಂದಾಗಿ, ನೆರಳಲ್ಲಿ ಕಪ್ಪೇ ಅನ್ನಿಸುವ ಹಾಗೆ ಆಯಿತು. ಆ ಎರಡು ದಿನ ಶಾಂಪೂ ಮುಟ್ಟಬಾರದು. ಟವೆಲ್ಲು, ದಿಂಬಿನ ಕವರು ಹಳೆಯದು ಇಟ್ಟುಕೊಳ್ಳಿ, ನೀಲಿ ಕಲೆ ಹೋಗುವುದಿಲ್ಲ. ಸೊಪ್ಪಿನ ಬಣ್ಣ ಕೂದಲನ್ನು ಒಣಗಿಸುತ್ತದೆ. ಅದಕ್ಕೆ ಮುಂದಿನ ತಲೆಸ್ನಾನಕ್ಕೆ ದಾಸವಾಳದ ಎಲೆ ಕಿವುಚಿ ಲೋಳೆ ತೆಗೆದು ಹಚ್ಚಿದೆ. ಶೀಗೆಕಾಯಿ ಬಿಟ್ಟೆ, ಅದು ಇನ್ನೂ ಒಣಗಿಸುತ್ತದೆ.

ಈಗ ಬುಡದಲ್ಲಿ ಬಿಳಿ ಕಂಡಾಗ ಅಲ್ಲಿಗಷ್ಟೇ ಹಚ್ಚಿಸಿಕೊಳ್ಳುತ್ತೇನೆ, ಉದ್ದದ ಕೂದಲಿಗೆ ಮತ್ತೆ ಮತ್ತೆ ಬಳಿಯುವುದಿಲ್ಲ. ಹುಬ್ಬಿಗೆ ಯಾವ ಬಣ್ಣವನ್ನೂ ಹಚ್ಚಿಲ್ಲ, ಕಣ್ಣಿನ ಹತ್ತಿರ ಪೆನ್ಸಿಲ್ ಸಾಕು. ತಲೆಗೇ ರೇಡಿಯೇಷನ್ ಆದವರ ಕಥೆ ಬೇರೆ. ಅಲ್ಲಿ ಕೂದಲು ಬರುವುದು ತಡ, ಕೆಲವು ಕಡೆ ಬಾರದೆಯೂ ಇರಬಹುದು. ಅವರು ಡಾಕ್ಟರನ್ನು ಕೇಳದೆ ಸೊಪ್ಪನ್ನೂ ಹಚ್ಚಬೇಡಿ.

ಇಂಡಿಗೋ ಹಚ್ಚಿದವರು ಮುಂದೆ ಯಾವ ಪಾರ್ಲರಿಗೆ ಹೋದರೂ ಅದನ್ನು ಮೊದಲೇ ಹೇಳಿ. ಅದರ ಮೇಲೆ ಬ್ಲೀಚ್ ಹಾಕಿ ಹೈಲೈಟ್ ಮಾಡಲು ಹೋದರೆ ಕೂದಲು ಹಸಿರಾಗಬಹುದು, ಆಗ ಕತ್ತರಿಸುವವರೆಗೆ ಅದನ್ನು ಹೊತ್ತು ತಿರುಗಬೇಕು.