ಹದಿಮೂರು ಊರು, ಒಂದು ಕಾಲುಸಂಕ

ಅಮೆರಿಕದ ಮೊದಲ ಸರ್ಕಾರದ ಪಾಠವನ್ನು ಪುಸ್ತಕ ತೆರೆದು ಶುರು ಮಾಡಬೇಡಿ, ಹೈಸ್ಕೂಲು ಮಕ್ಕಳು ಐದೇ ನಿಮಿಷಕ್ಕೆ ಆಕಳಿಸುತ್ತಾರೆ. ಕ್ಲಾಸನ್ನು 13 ಗುಂಪು ಮಾಡಿ, ಒಂದೊಂದು ಗುಂಪೂ ಒಂದೊಂದು ಊರು. ಒಂದರಲ್ಲಿ ಐದು ಜನ, ಇನ್ನೊಂದರಲ್ಲಿ ಒಬ್ಬನೇ ಇದ್ದರೂ ಓಟು ಮಾತ್ರ ಊರಿಗೆ ಒಂದೇ. ಪ್ರತಿ ಊರಿಗೂ ಹತ್ತು ಹುಣಸೆಬೀಜ ಹಂಚಿ (ಗೇರುಬೀಜ ಬೇಡ, ತಿಂದು ಮುಗಿಸುತ್ತಾರೆ).

ಈಗ ಹೇಳಿ: ಮಳೆಗಾಲ ಬಂತು, ಹಳ್ಳಕ್ಕೆ ಕಾಲುಸಂಕ ಹಾಕಬೇಕು, 80 ಬೀಜ ಬೇಕು. ಕೇಳಬಹುದು, ಕಿತ್ತುಕೊಳ್ಳುವಂತಿಲ್ಲ. ಶಿರಸಿ ಕಡೆಯ ಮಕ್ಕಳಿಗೆ ಸಂಕದ ಕಷ್ಟ ಗೊತ್ತು, ಆದರೂ "ನಾವು ಹಳ್ಳ ದಾಟೋದೇ ಇಲ್ವಲ್ಲ ಸರ್" ಅನ್ನುವವರು ಇದ್ದೇ ಇರುತ್ತಾರೆ. ಜಗಳ ಆಗಲಿ ಬಿಡಿ.

ಆಮೇಲೆ ವಿಷಯಕ್ಕೆ ಬನ್ನಿ. ಅಮೆರಿಕದ ಆ ಮೊದಲ ಸರ್ಕಾರ ಅಂದರೆ 13 ರಾಜ್ಯಗಳ ಒಕ್ಕೂಟ. 1781ರಲ್ಲಿ ಜಾರಿಗೆ ಬಂದ ಆ ಒಕ್ಕೂಟದ ಕಾಂಗ್ರೆಸ್ಸಿಗೆ (ರಾಜ್ಯಗಳ ಪ್ರತಿನಿಧಿಗಳ ಸಭೆ, ನಮ್ಮ ಪಕ್ಷ ಅಲ್ಲ ಅಂತ ಮೊದಲೇ ಹೇಳಿಬಿಡಿ) ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ, ರಾಜ್ಯಗಳ ಮುಂದೆ ಕೈಚಾಚಬೇಕಿತ್ತು. ದೊಡ್ಡ ತೀರ್ಮಾನಕ್ಕೆ 9 ರಾಜ್ಯ ಒಪ್ಪಬೇಕು, ಒಕ್ಕೂಟದ ನಿಯಮ ತಿದ್ದಲು 13ಕ್ಕೆ 13. ಈ ಕೊನೆಯದನ್ನು ಆಡಿಸಿಯೇ ತೋರಿಸಿ: ಒಬ್ಬನೇ ಇರುವ ಊರಿಗೆ ಗುಟ್ಟಾಗಿ "ಬೇಡ" ಅನ್ನಲು ಹೇಳಿಕೊಡಿ. ಉಳಿದವರ ಸಿಟ್ಟು ನೋಡಬೇಕು!

ಹಾಗಾದರೆ 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಹೊಸ ಸಂವಿಧಾನ ಬರೆಯಲು ಯಾಕೆ ಕೂತರು ಅಂತ ಆಗ ಕೇಳಿ. ಉತ್ತರ ಅವರೇ ಹೇಳುತ್ತಾರೆ.