ಸ್ನೈಪರ್ ತ್ರೀ-ನಾಟ್-ತ್ರೀ: ಅಸಲಿಯೋ ನಕಲಿಯೋ ನೋಡುವುದು ಹೇಗೆ?

ರಾಬರ್ಟ್‌ಸನ್‌ಪೇಟೆಯ ನಮ್ಮ ಪಕ್ಕದ ಮನೆ ಹುಡುಗ ಈಗ ಇಂಗ್ಲೆಂಡಿನಲ್ಲಿದ್ದಾನೆ. ಹೋದ ತಿಂಗಳು ಹನ್ನೊಂದು ಫೋಟೋ ಕಳಿಸಿದ. "ಅಂಕಲ್, ಎರಡನೇ ಮಹಾಯುದ್ಧದ ಸ್ನೈಪರ್ ರೈಫಲ್ ಅಂತೆ. ನನಗೆ ಇಲ್ಲಿ ಲೈಸೆನ್ಸ್ ಇದೆ. ತಗೊಳ್ಳಲಾ?" ಸೇನೆಯಲ್ಲಿ ಆರ್ಮರರ್ (ಬಂದೂಕು ರಿಪೇರಿ ಮಾಡುವವ) ಆಗಿದ್ದ ನನ್ನಂಥವನಿಗೆ ಇಂಥ ಕೆಲಸ ಬರುತ್ತಲೇ ಇರುತ್ತದೆ.

ಅದು ತ್ರೀ-ನಾಟ್-ತ್ರೀ ಬಂದೂಕಿನ ಸ್ನೈಪರ್ ಮಾದರಿ, ಲೀ-ಎನ್‌ಫೀಲ್ಡ್ ನಂಬರ್ 4 ಮಾರ್ಕ್ 1 (ಟಿ). ಗುರಿ ಚೆನ್ನಾಗಿದ್ದ ಮಾಮೂಲಿ ನಂಬರ್ 4ಗಳನ್ನು ಆರಿಸಿ, 1942ರಿಂದ ಲಂಡನ್ನಿನ ಬಂದೂಕು ಕಂಪನಿ ಹಾಲೆಂಡ್ ಅಂಡ್ ಹಾಲೆಂಡ್ ಅವಕ್ಕೆ ನಂಬರ್ 32 ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸುತ್ತಿತ್ತು. (ಆ ಸ್ಕೋಪ್ ಮೊದಲು ತಯಾರಾಗಿದ್ದು ಬ್ರೆನ್ ಎಂಬ ಮೆಷಿನ್ ಗನ್‌ಗೆ!) ತೊಂದರೆ ಇರುವುದೂ ಇಲ್ಲೇ. ಮಾಮೂಲಿ ನಂಬರ್ 4 ಬೇಕಾದಷ್ಟಿವೆ, ಸ್ಕೋಪ್ ಹಿಡಿದಿಡಲು ಹೊಸದಾಗಿ ಮಾಡಿದ ಬ್ರಾಕೆಟ್‌ಗಳೂ ಸಿಗುತ್ತವೆ. ಎರಡನ್ನೂ ಸೇರಿಸಿ ಬಿಗಿದರೆ 'ಸ್ನೈಪರ್' ರೆಡಿ.

ಎಲ್ಲರೂ ಮೊದಲು ಹುಡುಕುವುದು ಎಡಗಡೆ ಹೊಡೆದ 'ಟಿ' ಅಕ್ಷರ. ನಾನು ಅದನ್ನು ಕೊನೆಗೆ ನೋಡುತ್ತೇನೆ. ಪಂಚ್ (ಅಕ್ಷರ ಒತ್ತುವ ಉಳಿ) ಇದ್ದರೆ ಯಾರು ಬೇಕಾದರೂ ಹೊಡೆಯಬಹುದು, ಅಲ್ವಾ?

ಮೊದಲು ಎಡಗಡೆಯ ಎರಡು ಉಕ್ಕಿನ ಪ್ಯಾಡ್ ನೋಡಿ. ಸ್ಕೋಪಿನ ಬ್ರಾಕೆಟ್ ಕೂರುವುದು ಇವುಗಳ ಮೇಲೆ. ಅಸಲಿಯಲ್ಲಿ ಪ್ಯಾಡ್‌ಗಳನ್ನು ಸ್ಕ್ರೂ ಹಾಕಿ, ಬೆಸುಗೆಯನ್ನೂ ಹಾಕಿ ಕೂರಿಸಿರುತ್ತಾರೆ. ಸ್ಕ್ರೂ ಸಡಿಲವಾಗದಂತೆ ಪಂಚ್ ಏಟೂ ಇರುತ್ತದೆ. ಪ್ಯಾಡ್ ಹೊಳೆಯುತ್ತಿದ್ದು ಸುತ್ತಲಿನ ಕಬ್ಬಿಣ ಸವೆದಿದ್ದರೆ ಅನುಮಾನಪಡಿ. ಬ್ರಾಕೆಟ್ ಅಡಿಯಲ್ಲಿ ತಗಡಿನ ಚೂರು ಇಟ್ಟಿದ್ದರಂತೂ ಜಾಸ್ತಿಯೇ ಅನುಮಾನಪಡಿ.

ಆಮೇಲೆ ಹಿಂಬದಿಯ ಸೈಟು, ಅಂದರೆ ಗುರಿ ನೋಡುವ ತೂತಿನ ತುಂಡು. ಸ್ಕೋಪಿಗೆ ತಗಲಬಾರದೆಂದು ಅದರ ದೊಡ್ಡ ತೂತಿನ ಭಾಗವನ್ನು ಉಜ್ಜಿ ತೆಗೆದಿರುತ್ತಾರೆ. ಬಟ್ (ಹೆಗಲಿಗೆ ಆನಿಸುವ ಮರದ ಹಿಂಭಾಗ) ಮೇಲೆ ಕೆನ್ನೆ ಆನಿಸಲು ಮರದ ತುಂಡೂ ಇರಬೇಕು.

ನಿಜವಾದ ಕೆಲಸ ನಂಬರುಗಳದ್ದು. ರೈಫಲ್ಲಿನ ನಂಬರ್ ಬ್ರಾಕೆಟ್ ಮೇಲಿರಬೇಕು. ಸ್ಕೋಪಿನ ನಂಬರ್ ಬಟ್‌ನ ಕುತ್ತಿಗೆಯ, ಅಂದರೆ ಕೈ ಹಿಡಿಯುವ ಸಣ್ಣ ಭಾಗದ, ಮರದ ಮೇಲಿರಬೇಕು. ಹೊಂದದಿದ್ದರೆ ನಕಲಿ ಅಂತ ಕೂಡಲೇ ಹೇಳಬೇಡಿ. ಸ್ಕೋಪ್ ಕೆಟ್ಟರೆ ಸೇನೆಯ ಆರ್ಮರರ್ ಹಳೇ ನಂಬರ್ ಹೊಡೆದುಹಾಕಿ ಹೊಸದನ್ನು ಕೊರೆಯುತ್ತಿದ್ದ. ಹಾಗೆ ಹೊಡೆದುಹಾಕಿದ ನಂಬರ್ ಕಂಡರೆ ನನಗೆ ಖುಷಿಯೇ. ನಕಲಿ ಮಾಡುವವನಿಗೆ ಅಷ್ಟು ತಾಳ್ಮೆ ಎಲ್ಲಿ?

ಕೊನೆಗೆ ಮುದ್ರೆಗಳು: ಎಡಗಡೆ 'ಟಿ', ಬಟ್ ಸಾಕೆಟ್ (ಬಟ್ ಸೇರಿಕೊಳ್ಳುವ ಕಬ್ಬಿಣದ ಭಾಗ) ಮೇಲೆ 'ಟಿಆರ್', ಬಟ್‌ನ ಅಡಿಯಲ್ಲಿ 'ಎಸ್51'. ಈ ಕೊನೆಯದು ಹಾಲೆಂಡ್ ಅಂಡ್ ಹಾಲೆಂಡ್‌ನ ಗುರುತು.

ಒಂದು ಮಾತು. ಹೀಗೆ ಹಳೇ ಬಂದೂಕು ಕೊಳ್ಳುವುದು ನಮ್ಮೂರಲ್ಲಿ ಮಾಡುವ ಕೆಲಸವಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಇಂಥ ಬಂದೂಕಿಗೆ ಲೈಸೆನ್ಸ್ ಬೇಕು, 'ಹಳೇದು ಸಾರ್' ಅಂದರೆ ನಡೆಯಲ್ಲ. ತಾತನ ಕಾಲದ್ದು ಅಟ್ಟದ ಮೇಲೆ ಸಿಕ್ಕರೆ ಸುಮ್ನೆ ಬೋಲ್ಟ್ ಎಳೆದು ನೋಡಬೇಡಿ. ಮುಟ್ಟದೆ ಠಾಣೆಗೆ ತಿಳಿಸಿ.

ಹುಡುಗನ ಹನ್ನೊಂದು ಫೋಟೋಗಳಲ್ಲಿ 'ಟಿ' ಅಕ್ಷರದ್ದೇ ನಾಲ್ಕಿದ್ದವು. ಬಟ್‌ನ ಕುತ್ತಿಗೆಯದ್ದು ಒಂದೂ ಇರಲಿಲ್ಲ. ಮಾರುವವನ ಹತ್ತಿರ ಅದನ್ನು ಕೇಳು ಅಂದೆ. ಇನ್ನೂ ಬಂದಿಲ್ಲ.